ರೋಬೋಟ್ ಮಂಡಿ ಆಪರೇಷನ್: ರಿವ್ಯೂನ ಕೊನೇ ಸಾಲು ನಂಬೋದಾ?

ಪ್ರಶ್ನೆ: ನಮ್ಮತ್ತೆಗೆ 66 ವರ್ಷ, ಗೋಣಿಕೊಪ್ಪ ಹತ್ರ ತೋಟದ ಮನೆ. ಎರಡೂ ಮಂಡಿ ಸವೆದು ಕಣಕ್ಕೆ ಇಳಿಯೋಕೂ ಆಗ್ತಿಲ್ಲ. ಮೈಸೂರಲ್ಲಿ ತೋರ್ಸಿದ್ರೆ ಮಂಡಿ ಕೀಲು ಬದಲಿಸೋ ಆಪರೇಷನ್ನ ರೋಬೋಟ್ ಸಹಾಯದಿಂದ ಮಾಡ್ಸಿ ಅಂದ್ರು, ಖರ್ಚು ಜಾಸ್ತಿ. ಹತ್ತಾರು ಸಂಶೋಧನೆ ಸೇರಿಸಿ ಬರೆದ ರಿವ್ಯೂ ಅಂತ ಒಂದು ಪುಟ ಕೊಟ್ರು, ಅದ್ರಲ್ಲಿ ರೋಬೋಟೇ ಮೇಲು ಅಂತಿದೆ. ಇಷ್ಟು ಸಾಕಾ ಸಾರ್?

ಉತ್ತರ: ಸಾಕಾಗಲ್ಲ. ಆ ಪುಟ ಬರೀ ಸಾರಾಂಶ. ಹೆಚ್ಚಿನ ಡಾಕ್ಟರುಗಳೂ ಅಷ್ಟೇ ಓದಿ ಮುಗಿಸ್ತಾರೆ, ನಾನೂ ಕೆಲಸ ಜಾಸ್ತಿ ಇದ್ದ ದಿನ ಹಾಗೇ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಒಳಗಿನ ಟೇಬಲ್‌ನಲ್ಲಿ ನೋವಿನ ವಿಷಯದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ದೇ ಇದ್ರೂ ಸಾರಾಂಶದ ಕೊನೇ ಸಾಲು ಗೆದ್ದೋರ ಥರ ಇರಬಹುದು. ಇದಕ್ಕೆ ಸಂಶೋಧಕರೇ ಇಟ್ಟ ಹೆಸರು 'ಸ್ಪಿನ್'. ಅಂಕಿ ಸುಳ್ಳಲ್ಲ, ಹೇಳೋ ರೀತಿ ಓರೆ. ಮಂಡಿಗೆ ಮಾತ್ರ ಬಂದ ಕಾಯಿಲೆ ಅಲ್ಲ ಇದು: 2010ರಲ್ಲಿ ಬೂಟ್ರಾನ್ ಅನ್ನೋ ಸಂಶೋಧಕಿ ಮತ್ತೆ ಅವರ ಜೊತೆಯವರು, ಮುಖ್ಯ ಫಲಿತಾಂಶದಲ್ಲಿ ವ್ಯತ್ಯಾಸ ಸಾಬೀತಾಗದ 72 ಪ್ರಯೋಗಗಳ ವರದಿ ತೆಗೆದು ನೋಡಿದ್ರೆ, ಸುಮಾರು 58% ವರದಿಗಳ ಸಾರಾಂಶದ ತೀರ್ಮಾನದಲ್ಲೇ ಸ್ಪಿನ್ ಇತ್ತು.

ರೋಬೋಟ್ ವಿಷಯದಲ್ಲಿ ಜಾರೋ ಜಾಗ ಯಾವ್ದು ಗೊತ್ತಾ, 'ಯಾವುದರಲ್ಲಿ ಮೇಲು' ಅನ್ನೋದು. ಮೂಳೆ ಕತ್ತರಿಸೋ ಕೋನ, ಎಕ್ಸ್‌ರೇಲಿ ಕಾಲು ನೆಟ್ಟಗೆ ಕೂರೋದು, ಇದ್ರಲ್ಲಿ ರೋಬೋಟ್ ನಿಜವಾಗ್ಲೂ ಮೇಲು, ತಕರಾರಿಲ್ಲ. ಆದ್ರೆ ಅದು ಹೂಮಳೆಗೆ ಕಾಫಿ ಗಿಡ ಬೆಳ್ಳಗೆ ಅರಳಿದ ಹಾಗೆ, ಹೂ ನೋಡಿ ಯಾರೂ ಫಸಲಿನ ದುಡ್ಡು ಎಣಿಸಲ್ಲ ಅಲ್ವಾ, ಹಿಂದಿನಿಂದ ಇನ್ನೊಂದು ಮಳೆ ಬರ್ಬೇಕು, ಕಾಯಿ ಕಚ್ಚಬೇಕು. ಅತ್ತೆಗೆ ಬೇಕಾಗಿರೋ ಫಸಲು ಅಂದ್ರೆ ನೋವಿಲ್ದೇ ಮೆಟ್ಟಿಲು ಇಳಿಯೋದು, ಮತ್ತೆ ಹೊಸದಾಗಿ ಹಾಕಿದ ಕೀಲು ಹದಿನೈದು ವರ್ಷ ಬಾಳೋದು. 2020ರಲ್ಲಿ ಕೊರಿಯಾದಿಂದ ಬಂದ ಪ್ರಯೋಗದಲ್ಲಿ ರೋಬೋಟಿಂದ ಮಾಡ್ಸಿದೋರು, ರೋಬೋಟ್ ಇಲ್ದೇ ಮಾಡ್ಸಿದೋರು ಸೇರಿ ಸಾವಿರಕ್ಕೂ ಹೆಚ್ಚು ಜನರನ್ನ ಸರಾಸರಿ 13 ವರ್ಷ ನೋಡಿದ್ರು, ನಡೆದಾಟದ ಸ್ಕೋರ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, 15 ವರ್ಷಕ್ಕೆ ಕೀಲು ಉಳಿದಿದ್ದೂ ಎರಡ್ರಲ್ಲೂ 98%. ಅದು ತಾನೇ ಮೂಳೆ ಕೊರೆಯೋ ಹಳೇ ಕಾಲದ ಮೆಷಿನ್, ಈಗಿನ ಎಷ್ಟೋ ಮೆಷಿನ್‌ಗಳಲ್ಲಿ ಕೈ ಡಾಕ್ಟರದ್ದೇ, ರೋಬೋಟ್ ಗೆರೆ ದಾಟದಂತೆ ತಡೆಯುತ್ತೆ ಅಷ್ಟೇ, ಹಾಗಾಗಿ ಇದನ್ನೇ ಕೊನೇ ಮಾತು ಅಂತ ಹಿಡ್ಕೊಂಡ್ರೆ ನಾನೂ ಸ್ಪಿನ್ ಮಾಡ್ದಂಗೆ.

ಇನ್ನೊಂದು, ಸಾರಾಂಶದಲ್ಲಿ ತೊಂದರೆಗಳ ಬಗ್ಗೆ ಒಂದು ಸಾಲಾದ್ರೂ ಇದೆಯಾ ನೋಡಿ. ಹೆಚ್ಚಿನ ಮೆಷಿನ್‌ಗಳಿಗೆ ತೊಡೆ ಮೂಳೆಗೂ ಕಣಕಾಲಿನ ಮೂಳೆಗೂ ಪಿನ್ ಹಾಕ್ತಾರೆ, ಅಪರೂಪಕ್ಕೆ ಆ ತೂತಲ್ಲೇ ಮೂಳೆ ಬಿರಿಯೋದುಂಟು, ಕೈ ಪಳಗೋವರೆಗೂ ಆಪರೇಷನ್ ಟೈಮೂ ಜಾಸ್ತಿ. ಬರೆದೋರಿಗೆ ಮೆಷಿನ್ ಕಂಪನಿಯಿಂದ ದುಡ್ಡು ಬಂದಿದ್ರೆ ಅದು ಸಾಮಾನ್ಯವಾಗಿ ಪೇಪರ್‌ನ ಕೊನೇಲಿ ಸಣ್ಣ ಅಕ್ಷರದಲ್ಲಿರುತ್ತೆ, ನಿಮ್ಮ ಕೈಲಿರೋ ಪುಟದಲ್ಲಿ ಅಲ್ಲ.

ಮುಂದಿನ ಸಲ ಮೈಸೂರಿಗೆ ಹೋದಾಗ ಪೂರ್ತಿ ಪೇಪರ್ ಕೇಳಿ. ನೋವು ಮತ್ತೆ ನಡೆದಾಟದ ಟೇಬಲ್ ಯಾವ್ದು, ಎಷ್ಟು ವರ್ಷದ್ದು ಅಂತ ಬೆರಳಿಟ್ಟು ತೋರ್ಸೋಕೆ ಹೇಳಿ. ರೋಬೋಟ್ ಇಲ್ದೇ ಅವ್ರು ಎಷ್ಟು ಮಂಡಿ ಮಾಡಿದಾರೆ ಅಂತಾನೂ ಕೇಳಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.