ಸುಂಕ ಇಲ್ಲದಿದ್ದರೂ ಟೊಮೆಟೊ ಯಾಕೆ ತುಟ್ಟಿ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತೇನೆ. ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾಳೆ. ಬ್ರೆಕ್ಸಿಟ್ ಆದಮೇಲೆ, ಅಂದರೆ ಯುರೋಪಿನ ದೇಶಗಳ ಒಕ್ಕೂಟದಿಂದ ಬ್ರಿಟನ್ ಹೊರಬಂದಮೇಲೆ, ಕಾಯಿಪಲ್ಲೆ, ಬೆಣ್ಣೆ, ಚೀಸು ಎಲ್ಲ ತುಟ್ಟಿಯಾಗಿದೆ, 2023ರಲ್ಲಂತೂ ಒಬ್ಬರಿಗೆ ಮೂರೇ ಪ್ಯಾಕೆಟ್ ಟೊಮೆಟೊ ಕೊಡುತ್ತಿದ್ದರು ಅನ್ನುತ್ತಾಳೆ. ಆದರೆ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ ಸುಂಕ ಇಲ್ಲ ಎಂದು ಓದಿದ್ದೇನೆ. ಸುಂಕ ಇಲ್ಲ ಅಂದಮೇಲೆ ರೇಟು ಏರಿದ್ದು ಯಾಕೆ?

ಉತ್ತರ: ನೀವು ಓದಿದ್ದು ಸರಿ. ಮಗಳು ಹೇಳಿದ್ದೂ ಬಹಳಷ್ಟು ಸರಿ. 2020ರ ಡಿಸೆಂಬರ್ 24ರಂದು ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ಬೆಳೆದ ಮಾಲಿಗೆ ಸುಂಕವಿಲ್ಲ, ಇಷ್ಟೇ ತರಬೇಕು ಎಂಬ ಮಿತಿಯೂ ಇಲ್ಲ. ಆದರೆ 2021ರ ಜನವರಿ 1ರಿಂದ ಬ್ರಿಟನ್ ಒಕ್ಕೂಟದ ಮಾರುಕಟ್ಟೆಯಿಂದ ಹೊರಗಾಯಿತು. ಇಲ್ಲದ ಗಡಿ ಮತ್ತೆ ಎದ್ದಿತು. ಗಡಿ ಬಂದರೆ ಕಾಗದಪತ್ರ ಬರುತ್ತದೆ, ತಪಾಸಣೆ ಬರುತ್ತದೆ, ಕಾಯುವುದು ಬರುತ್ತದೆ. ಕಬ್ಬಿಣ ಎರಡು ದಿನ ಕಾದರೆ ಏನೂ ಆಗುವುದಿಲ್ಲ. ಹಣ್ಣು, ಮೀನು, ಮಾಂಸ ಕಾಯುವುದಿಲ್ಲ.

ನಿಮಗೆ ಹಳೆಯ ಚೆಕ್‌ಪೋಸ್ಟ್ ದಿನಗಳು ನೆನಪಿರಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬರುವ ಮುಂಚೆ, ರಾಯಚೂರು ದಾಟಿ ಹೈದರಾಬಾದ್ ಕಡೆ ಹೋಗುವ ಲಾರಿಗಳು ಗಡಿಯಲ್ಲಿ ಸಾಲು ಹಚ್ಚುತ್ತಿದ್ದವು. ಡ್ರೈವರ್ ಬತ್ತಾ, ಲಾರಿಯ ಖಾಲಿ ದಿನದ ಬಾಡಿಗೆ, ಕಾಗದ ನೋಡಿಸುವವನ ಕೂಲಿ, ಇವೆಲ್ಲ ಕೊನೆಗೆ ಚೀಲದ ರೇಟಿಗೇ ಸೇರುತ್ತಿದ್ದವು. ತೆರಿಗೆ ಬೇರೆ, ಈ ಖರ್ಚು ಬೇರೆ. ಬ್ರೆಕ್ಸಿಟ್ ಅಂದರೆ ಎದ್ದುಹೋಗಿದ್ದ ಚೆಕ್‌ಪೋಸ್ಟನ್ನು ಮತ್ತೆ ತಂದು ನಿಲ್ಲಿಸಿದ ಹಾಗೆ.

ಒಂದು ಲಾರಿಯನ್ನೇ ನೋಡೋಣ. ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರ್‌ಗೆ ಬರುತ್ತದೆ. ಒಳಗೆ ಹಲವು ಸಣ್ಣ ವ್ಯಾಪಾರಿಗಳ ಮಾಲು: ಒಬ್ಬರ ಚೀಸು, ಇನ್ನೊಬ್ಬರ ಮಾಂಸ, ಮತ್ತೊಬ್ಬರ ಬೆಣ್ಣೆ. 2020ರವರೆಗೆ ಇದು ಬೆಂಗಳೂರಿನಿಂದ ಬಳ್ಳಾರಿಗೆ ಬಂದಷ್ಟೇ ಸಲೀಸಾಗಿ ಬರುತ್ತಿತ್ತು. ಬ್ರಿಟನ್ ತನ್ನ ಕಡೆಯ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿತು, ಅಂಗಡಿ ಖಾಲಿಯಾದೀತು ಎಂಬ ಹೆದರಿಕೆಯಿಂದ. ಕೊನೆಗೆ 2024ರ ಜನವರಿ 31ರಿಂದ ಇಂಥ ಮಾಲಿಗೆ ಪಶುವೈದ್ಯರ ಸಹಿ ಇರುವ ಆರೋಗ್ಯ ಪ್ರಮಾಣಪತ್ರ ಕಡ್ಡಾಯವಾಯಿತು. ಏಪ್ರಿಲ್ 30ರಿಂದ ಮಾಲನ್ನೇ ಇಳಿಸಿ ನೋಡುವುದು ಶುರುವಾಯಿತು. ಡೋವರ್ ದಾರಿಯಲ್ಲಿ ಬಂದರೆ ಒಂದೊಂದು ಬಗೆಗೆ 29 ಪೌಂಡ್‌ವರೆಗೆ ಶುಲ್ಕ, ಒಂದು ರವಾನೆಗೆ ಹೆಚ್ಚೆಂದರೆ 145 ಪೌಂಡ್. ಲಾರಿ ತುಂಬ ಒಂದೇ ಮಾಲು ತರಿಸುವ ದೊಡ್ಡ ಕಂಪನಿಗೆ ಇದು ಲೆಕ್ಕಕ್ಕೇ ಇಲ್ಲ. ನೂರು ಕಿಲೋ ಚೀಸು ತರಿಸುವವನಿಗೆ ಕಿಲೋಗೆ ಎಷ್ಟು ಬಿತ್ತು ಅಂತ ನೀವೇ ಹಾಕಿ ನೋಡಿ. ಮೇಲಾಗಿ, ಒಬ್ಬರ ಕಾಗದ ತಪ್ಪಿದರೆ ಲಾರಿಯಲ್ಲಿರುವ ಎಲ್ಲರ ಮಾಲೂ ನಿಲ್ಲುತ್ತದೆ. ಅದಕ್ಕೇ ಸಣ್ಣವರು ಒಬ್ಬೊಬ್ಬರೇ ಈ ವ್ಯಾಪಾರದಿಂದ ಕೈ ಬಿಡುತ್ತಾರೆ.

ನಿಮ್ಮ ಅಕ್ಕಿಯ ಕಥೆಯನ್ನೂ ಹೇಳಬೇಕು. ನಮ್ಮ ಸೋನಾ ಮಸೂರಿ ಲಂಡನ್ನಿಗೆ ಹೋಯಿತು, ಅಲ್ಲಿ ಸಣ್ಣ ಚೀಲಕ್ಕೆ ತುಂಬಿಸಿ ಐರ್ಲೆಂಡಿನ ಅಂಗಡಿಗೆ ಕಳಿಸಿದರು ಅಂದುಕೊಳ್ಳಿ. ಮುಂಚೆ ಒಮ್ಮೆ ಸುಂಕ ಕಟ್ಟಿದರೆ ಮುಗಿಯಿತು. ಈಗ ಬ್ರಿಟನ್ನಿನಲ್ಲಿ ಒಂದು ಸುಂಕ, ಐರ್ಲೆಂಡಿನಲ್ಲಿ ಮತ್ತೊಂದು. ಯಾಕಂದರೆ ಸುಂಕವಿಲ್ಲ ಎಂಬ ಒಪ್ಪಂದ ಅವರ ನೆಲದ ಮಾಲಿಗೆ ಮಾತ್ರ. ಚೀಲ ಬದಲಿಸಿದ ಮಾತ್ರಕ್ಕೆ ಗಂಗಾವತಿ ಅಕ್ಕಿ ಬ್ರಿಟನ್ನಿನ ಅಕ್ಕಿ ಆಗುವುದಿಲ್ಲ.

ಇದೆಲ್ಲ ಕೂಡಿ ಎಷ್ಟಾಯಿತು? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. 2020 ಮತ್ತು 2021, ಈ ಎರಡು ವರ್ಷಗಳಲ್ಲಿ ಬ್ರೆಕ್ಸಿಟ್ಟಿನ ಅಡೆತಡೆಗಳಿಂದಲೇ ಅಲ್ಲಿಯ ಒಂದು ಮನೆಗೆ ಊಟದ ಖರ್ಚು ಸರಾಸರಿ 210 ಪೌಂಡ್ ಜಾಸ್ತಿ ಆಯಿತು. ಇಡೀ ದೇಶಕ್ಕೆ 580 ಕೋಟಿ ಪೌಂಡ್. ಪೈಪೋಟಿ ಕಡಿಮೆಯಾದದ್ದರಿಂದ ಒಳಗಿನ ಉತ್ಪಾದಕರಿಗೆ ಸುಮಾರು 480 ಕೋಟಿ ಪೌಂಡ್ ಲಾಭವಾಯಿತು. ಉಳಿದ 100 ಕೋಟಿ ಯಾರ ಕೈಗೂ ಸಿಗದೆ ಕಾಗದ, ಕಾಯುವಿಕೆಯಲ್ಲಿ ಸುಮ್ನೆ ಕರಗಿತು. ಸಾಹುಕಾರರ ಮನೆಗೆ ಇದು ಅಷ್ಟು ತಟ್ಟಲಿಲ್ಲ. ದುಡಿದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಊಟಕ್ಕೇ ಹಾಕುವ ಬಡವರಿಗೆ ತಟ್ಟಿತು. ನನಗೆ ಬಹಳ ನೋವು ತರುವ ಸಂಗತಿ ಇದೇ.

ಗಡಿಯ ಆಚೆಗೂ ಎರಡು ಕಾರಣಗಳಿವೆ. ಒಂದು, ದುಡ್ಡಿನ ಬೆಲೆ. ಒಕ್ಕೂಟ ಬಿಡಬೇಕೇ ಎಂದು 2016ರ ಜೂನ್ 23ರಂದು ನಡೆದ ಮತದಾನದ ಫಲಿತಾಂಶ ಬರುತ್ತಿದ್ದಂತೆ, ಒಂದೇ ರಾತ್ರಿಯಲ್ಲಿ ಪೌಂಡ್ 1.50 ಡಾಲರಿನಿಂದ 1.33ರ ಆಸುಪಾಸಿಗೆ ಕುಸಿಯಿತು. 1985ರ ನಂತರ ಅಷ್ಟು ಇಳಿದಿರಲಿಲ್ಲ. ಊಟದಲ್ಲಿ ನೂರಕ್ಕೆ ಸುಮಾರು 40 ಪಾಲು ಹೊರಗಿನಿಂದ ತರಿಸುವ ದೇಶ ಅದು. ಇನ್ನೂ ಒಕ್ಕೂಟದಿಂದ ಹೊರಗೇ ಬಂದಿರಲಿಲ್ಲ, ಆಗಲೇ ಆಮದು ತುಟ್ಟಿಯಾಯಿತು. ಇನ್ನೊಂದು, ಆಳು. ಹಣ್ಣು ಕೊಯ್ಯಲು, ಲಾರಿ ಓಡಿಸಲು ರೊಮೇನಿಯಾ, ಬಲ್ಗೇರಿಯಾದಿಂದ ಜನ ಮುಕ್ತವಾಗಿ ಬರುತ್ತಿದ್ದರು. ಆ ದಾರಿ ಮುಚ್ಚಿತು. ಹಂಗಾಮಿನ ಕೂಲಿಗಳಿಗೆಂದು 2019ರಲ್ಲಿ 2,500 ವೀಸಾ ಕೊಟ್ಟಿದ್ದ ಸರ್ಕಾರ 2021ಕ್ಕೆ ಅದನ್ನು 30,000ಕ್ಕೆ ಏರಿಸಬೇಕಾಯಿತು.

ಟೊಮೆಟೊ ವಿಷಯದಲ್ಲಿ ಮಾತ್ರ ಮಗಳಿಗೆ ಸ್ವಲ್ಪ ತಿದ್ದಿ ಹೇಳಿ. 2023ರ ಫೆಬ್ರುವರಿಯ ಆ ಕೊರತೆಗೆ ದೊಡ್ಡ ಕಾರಣ ಸ್ಪೇನ್ ಮತ್ತು ಮೊರಾಕ್ಕೊದ ಕೆಟ್ಟ ಹವಾಮಾನ. ಮೊರಾಕ್ಕೊ ಒಕ್ಕೂಟದಲ್ಲೇ ಇಲ್ಲ. ಜೊತೆಗೆ ಉಕ್ರೇನ್ ಯುದ್ಧದಿಂದ ಗ್ಯಾಸ್ ದರ ಏರಿ, ಬ್ರಿಟನ್ನಿನ ಹಲವು ರೈತರು ಟೊಮೆಟೊ ಬೆಳೆಯಲು ಗ್ಯಾಸ್‌ನಿಂದ ಬೆಚ್ಚಗಿಡುವ ಗಾಜಿನ ಮನೆಗಳನ್ನು ಖಾಲಿ ಬಿಟ್ಟಿದ್ದರು. ಆ ಮಾರ್ಚ್‌ನಲ್ಲಿ ಬ್ರಿಟನ್ನಿನ ಆಹಾರದ ಬೆಲೆ ಏರಿಕೆ ಶೇ 19 ದಾಟಿತು ನಿಜ. ಆದರೆ ಒಕ್ಕೂಟದ ಒಳಗೇ ಇರುವ ಹಂಗೆರಿಯಲ್ಲಿ ಅದು ಶೇ 40ಕ್ಕೂ ಮೇಲಿತ್ತು. ಎಲ್ಲವನ್ನೂ ಬ್ರೆಕ್ಸಿಟ್ ತಲೆಗೆ ಕಟ್ಟಿದರೆ ನಿಜವಾಗಿ ಅದು ಮಾಡಿದ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ದೇಶ ಇಂಥ ವ್ಯಾಪಾರ ಕೂಟಗಳಿಂದ ದೂರ ಇದ್ದರೆ ರೈತರಿಗೆ ಒಳ್ಳೆಯದಲ್ವಾ? ಹೊರಗಿನ ಎಣ್ಣೆ ಸೋವಿಯಾಗಿ ಬಂದು ನಾವು ಸೂರ್ಯಕಾಂತಿ ಬಿತ್ತುವುದನ್ನೇ ಬಿಟ್ಟೆವು. ಭತ್ತಕ್ಕೂ ಹೀಗೇ ಆಗುತ್ತದಾ? — ಸಿಂಧನೂರು ತಾಲ್ಲೂಕಿನ ರೈತರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಗುರಿ ಸ್ವಲ್ಪ ತಪ್ಪಿದೆ. ಸೂರ್ಯಕಾಂತಿ ಎಣ್ಣೆ ನಮಗೆ ಹೆಚ್ಚಾಗಿ ಬರುವುದು ರಷ್ಯಾ, ಉಕ್ರೇನ್‌ನಿಂದ. ಅವರ ಜೊತೆ ನಾವು ಯಾವ ವ್ಯಾಪಾರ ಕೂಟದಲ್ಲೂ ಇಲ್ಲ. ಸುಂಕ ಎಷ್ಟಿರಬೇಕು ಎಂದು ತೀರ್ಮಾನಿಸುವುದು ದೆಹಲಿಯೇ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿದರು. 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಸಿದರು. ಬಿತ್ತುವಾಗ ಒಂದು ಸುಂಕ, ರಾಶಿ ಮಾಡುವಾಗ ಇನ್ನೊಂದು ಸುಂಕ ಆದರೆ ಯಾವ ಧೈರ್ಯದ ಮೇಲೆ ಬೀಜ ಹಾಕುವುದು?

2019ರ ನವೆಂಬರ್ 4ರಂದು ಭಾರತ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಕೂಟಕ್ಕೆ ಸೇರುವುದಿಲ್ಲ ಎಂದಿತು. ನ್ಯೂಜಿಲೆಂಡಿನ ಹಾಲಿನ ಪುಡಿ ನುಗ್ಗಿದರೆ ನಮ್ಮ ಹೈನುಗಾರರ ಗತಿ ಏನು ಎಂಬ ಆತಂಕ ಆಗ ದೊಡ್ಡದಾಗಿತ್ತು. ಆ ತೀರ್ಮಾನ ಸರಿಯಿತ್ತು ಎಂದೇ ನನ್ನ ಅಭಿಪ್ರಾಯ.

ಭತ್ತದ ಕಥೆ ಬೇರೆ. ಅಲ್ಲಿ ನಾವು ಆಮದಿಗೆ ಹೆದರುವವರಲ್ಲ, ರಫ್ತು ಮಾಡುವವರು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದಲ್ಲಿ ನಮ್ಮವರು ಅಂಗಡಿಗೆ ಮುಗಿಬಿದ್ದು ಸೋನಾ ಮಸೂರಿ ಚೀಲ ಹೊತ್ತೊಯ್ದರು. ಅದೇ ಜುಲೈನಲ್ಲಿ ಇಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ, ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಉಣ್ಣುವವರ ಹೊಟ್ಟೆ ಮೊದಲು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ದರ ಏರುವ ಹೊತ್ತಿಗೆ ಬಾಗಿಲು ಹಾಕಿಸಿಕೊಂಡ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಅದರ ಪರಿಹಾರ ಅಂತ ಏನೂ ಬರಲಿಲ್ಲ. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆಗೆದರು. ಯಾವ ಕೂಟವೂ ನಮ್ಮ ಕೈ ಕಟ್ಟಿರಲಿಲ್ಲ. ಹಾಕಿದ್ದೂ ನಾವೇ, ತೆಗೆದದ್ದೂ ನಾವೇ.

ಇನ್ನು ಮುಂದೆ ನೀವು ಸುಂಕಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಬೆಳೆಗೆ ಹೊಡೆದು ಅಕ್ಕಿಯಲ್ಲಿ ಉಳಿಯುವ ಔಷಧದ ಅಂಶಕ್ಕೆ. ಬೆಂಕಿ ರೋಗಕ್ಕೆ ಟ್ರೈಸೈಕ್ಲಜೋಲ್ ಹೊಡೆಯುವವರು ನಮ್ಮಲ್ಲಿ ಬಹಳ. ಯುರೋಪಿಯನ್ ಒಕ್ಕೂಟ 2018ರಿಂದ ಅಕ್ಕಿಯಲ್ಲಿ ಅದರ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. 10 ಕೋಟಿ ಪಾಲಿನಲ್ಲಿ 1 ಪಾಲು. ಪೆಟ್ಟು ಮೊದಲು ಬಿದ್ದದ್ದು ಬಾಸ್ಮತಿಯವರಿಗೆ. ಬ್ರಿಟನ್ ಹೊರಗೆ ಬಂದಮೇಲೆ ತನ್ನ ಮಿತಿಗಳನ್ನು ತಾನೇ ಗೊತ್ತು ಮಾಡುತ್ತದೆ. ಹಾಗಾಗಿ ಮಾಲು ಕಳಿಸುವವರು ಈಗ ಎರಡು ನಿಯಮ ಪುಸ್ತಕ ಇಟ್ಟುಕೊಳ್ಳಬೇಕು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಒಕ್ಕೂಟದಲ್ಲೇ ಇದ್ದಿದ್ದರೆ ಬ್ರಿಟನ್ ಒಂಟಿಯಾಗಿ ಸಹಿ ಹಾಕಲು ಆಗುತ್ತಿರಲಿಲ್ಲ, ಇದು ಅವರಿಗೆ ಸಿಕ್ಕ ಲಾಭ. ಆದರೆ ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯನ್ನು ಬ್ರಿಟನ್ ಸುಂಕ ವಿನಾಯಿತಿಯಿಂದ ಹೊರಗಿಟ್ಟಿದೆ. ಒಪ್ಪಂದ ಆಯಿತು, ಇನ್ನು ನಮ್ಮ ಅಕ್ಕಿಗೆ ಚಿನ್ನದ ಬೆಲೆ ಎಂದು ಯಾರಾದರೂ ಹೇಳಿದರೆ ನಂಬಿ ದಾಸ್ತಾನು ಮಾಡಬೇಡಿ.

ಪ್ರಶ್ನೆ: ಬ್ರಿಟನ್ ಮತ್ತೆ ಒಕ್ಕೂಟದ ಹತ್ತಿರ ಹೋದರೆ ಬೆಲೆ ಮೊದಲಿನಂತೆ ಆಗುತ್ತದಾ? — ಬಳ್ಳಾರಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ಇಲ್ಲಮ್ಮ, ಮೊದಲಿನಂತೆ ಆಗುವುದು ಕಷ್ಟ. 2025ರ ಮೇ ತಿಂಗಳಲ್ಲಿ ಎರಡೂ ಕಡೆಯವರು ಆಹಾರ ಮತ್ತು ಸಸ್ಯಗಳ ತಪಾಸಣೆ ಕಡಿಮೆ ಮಾಡುವ ಒಪ್ಪಂದದ ಮಾತುಕತೆಗೆ ಒಪ್ಪಿದರು. ಅದು ಜಾರಿಯಾದರೆ ಆ ಪಶುವೈದ್ಯರ ಸಹಿ, ಶುಲ್ಕ, ಡೋವರ್‌ನ ಕಾಯುವಿಕೆ ಬಹಳಷ್ಟು ತಪ್ಪುತ್ತದೆ. ಆದರೆ ಏರಿದ ಕೂಲಿ, ಬಾಡಿಗೆ ಇಳಿಯುವುದಿಲ್ಲ. ಮುಚ್ಚಿಹೋದ ಸಣ್ಣ ಅಂಗಡಿಗಳು ತಾವಾಗಿ ತೆರೆಯುವುದಿಲ್ಲ. ಏರುವ ವೇಗ ತಗ್ಗೀತು, ಅಷ್ಟೇ. ಅದಕ್ಕೂ ಬ್ರಿಟನ್ ಒಂದು ಬೆಲೆ ಕೊಡಬೇಕು: ಒಕ್ಕೂಟದ ಆಹಾರ ನಿಯಮಗಳನ್ನು ಪಾಲಿಸಬೇಕು, ಅವುಗಳನ್ನು ಬರೆಯುವಾಗ ಮಾತ್ರ ಮತ ಹಾಕುವಂತಿಲ್ಲ.