ಜಿಡಿಪಿ (ದೇಶದ ಒಟ್ಟು ಆಂತರಿಕ ಉತ್ಪನ್ನ) ಏರಿದೆ, ಹಣದುಬ್ಬರ ಇಳಿದಿದೆ, ನಿರುದ್ಯೋಗ ಕಡಿಮೆಯಾಗಿದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಏಕೆ ಕಾಣುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪದವಿಯ ಮೊದಲ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೀರಿ. ಹಣದುಬ್ಬರ ಇಳಿದಿದೆ ಎಂದು ಪತ್ರಿಕೆಯಲ್ಲಿ ಬಂದ ವಾರವೇ ತೆಂಗಿನೆಣ್ಣೆಗೆ ಹಿಂದಿಗಿಂತ ಹೆಚ್ಚು ಹಣ ಕೊಟ್ಟಿದ್ದೀರಿ. ಬಿ.ಕಾಂ. ಮುಗಿಸಿದ ನಿಮ್ಮ ಅಣ್ಣ ಎರಡು ವರ್ಷದಿಂದ ತೋಟ ನೋಡಿಕೊಳ್ಳುತ್ತ ಸರ್ಕಾರಿ ಕೆಲಸಕ್ಕಾಗಿ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆ ಬರೆಯುತ್ತಿದ್ದಾರೆ. ಹೀಗಿರುವಾಗ ಈ ಅಂಕಿಗಳು ಸುಳ್ಳೇ ಎಂದು ಕೇಳಿದ್ದೀರಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಹಲವು ವರ್ಷ ಹೈಯರ್ ಸೆಕೆಂಡರಿಯಲ್ಲಿ ಈ ಪಾಠ ಮಾಡಿದವನು ನಾನು. ಪ್ರತಿವರ್ಷವೂ ಒಬ್ಬರಾದರೂ ಇದನ್ನು ಕೇಳುತ್ತಿದ್ದರು, ಮತ್ತು ಆ ದಿನವೇ ತರಗತಿಗೆ ಪಾಠ ನಿಜವಾಗಿ ಆರಂಭವಾಗುತ್ತಿತ್ತು.

ಅಂಕಿಗಳು ಸುಳ್ಳಲ್ಲ, ಆದರೆ ಮೂರನ್ನೂ ಮೂರು ಬೇರೆ ಬೇರೆ ಸ್ಥಳಗಳಲ್ಲಿ ನಿಂತು ಅಳೆಯುತ್ತಾರೆ. ಗಡಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಮಂಜೇಶ್ವರದಲ್ಲಿ ಮನೆಯಿದ್ದು ದಿನವೂ ಬಸ್ಸಿನಲ್ಲಿ ತಲಪಾಡಿ ದಾಟಿ ಮಂಗಳೂರಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುವ ಒಬ್ಬರನ್ನು ನೆನೆದುಕೊಳ್ಳಿ. ಅವರ ದುಡಿಮೆಯಿಂದ ಹುಟ್ಟಿದ ಮೌಲ್ಯ ಕರ್ನಾಟಕದ ಒಟ್ಟು ಉತ್ಪನ್ನಕ್ಕೆ ಸೇರುತ್ತದೆ, ಏಕೆಂದರೆ ರಾಜ್ಯದ ಉತ್ಪನ್ನವನ್ನು ಉತ್ಪಾದನೆ ನಡೆದ ಜಾಗದಲ್ಲಿ ಎಣಿಸುತ್ತಾರೆ. ಉದ್ಯೋಗದ ಸಮೀಕ್ಷೆ ನಡೆಯುವುದು ಮನೆಬಾಗಿಲಲ್ಲಿ, ಆದ್ದರಿಂದ ಅದೇ ವ್ಯಕ್ತಿ ಕೇರಳದ ಉದ್ಯೋಗಿ. ಸಂಜೆ ಅವರು ಸಾಮಾನು ಕೊಂಡದ್ದು ಮಂಗಳೂರಿನ ಮಾರುಕಟ್ಟೆಯಲ್ಲಾದರೆ, ಅವರ ಚೀಲದ ಬೆಲೆ ಕರ್ನಾಟಕದ ಬೆಲೆ. ಒಬ್ಬರೇ ಮನುಷ್ಯ, ಒಂದೇ ದಿನ. ಆದರೆ ಮೂರು ಲೆಕ್ಕಗಳು ಅವರನ್ನು ಮೂರು ಕಡೆಯಿಂದ ನೋಡುತ್ತವೆ.

ಉತ್ಪನ್ನದ ವಿಷಯವನ್ನು ಅಡಿಕೆ ತೋಟದಿಂದಲೇ ಹೇಳುತ್ತೇನೆ. ಇಲ್ಲಿ ಬಳಸುವ ಮೊತ್ತಗಳು ಲೆಕ್ಕ ಕಲಿಯುವುದಕ್ಕಾಗಿ ನಾನು ಹಾಕಿಕೊಂಡವು. ಒಂದು ವರ್ಷ ಹತ್ತು ಕ್ವಿಂಟಾಲ್ ಅಡಿಕೆ ಬಂತು, ಕ್ವಿಂಟಾಲಿಗೆ 30,000 ರೂಪಾಯಿಯಂತೆ ಮಾರಿದಾಗ 3,00,000 ರೂಪಾಯಿ ಆಯಿತು ಎನ್ನೋಣ. ಮದ್ದು ಬಿಡುವುದಕ್ಕೆ ತಂದ ಮೈಲುತುತ್ತು, ಸುಣ್ಣ, ಜೊತೆಗೆ ಗೊಬ್ಬರ, ಪಂಪಿನ ಕರೆಂಟು ಎಲ್ಲ ಸೇರಿ 70,000 ರೂಪಾಯಿ ಖರ್ಚಾಯಿತು. ಇವು ಬೇರೆಯವರು ಉತ್ಪಾದಿಸಿ, ಈ ತೋಟದಲ್ಲಿ ಬಳಸಿ ಮುಗಿದ ವಸ್ತುಗಳು. ಆದ್ದರಿಂದ ಇವನ್ನು ಕಳೆಯಬೇಕು. ಉಳಿದ 2,30,000 ರೂಪಾಯಿಯೇ ತೋಟದ ಮೌಲ್ಯವರ್ಧನೆ, ಅಂದರೆ ಜಿಡಿಪಿಗೆ ಈ ತೋಟದ ಕೊಡುಗೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದರು: ಮದ್ದು ಬಿಟ್ಟವರ, ಕೊಯ್ದವರ, ಸುಲಿದವರ ಕೂಲಿಯನ್ನೂ ಕಳೆದುಬಿಡುತ್ತಿದ್ದರು. ಯಜಮಾನನ ಲಾಭ ನೋಡುವಾಗ ಕೂಲಿ ಒಂದು ಖರ್ಚು ನಿಜ. ಆದರೆ ದೇಶದ ಲೆಕ್ಕದಲ್ಲಿ ಕೂಲಿ ಎಂಬುದು ಹುಟ್ಟಿದ ಮೌಲ್ಯದಲ್ಲಿ ದುಡಿದವರಿಗೆ ಸಂದ ಪಾಲು. ಆ 2,30,000ದಲ್ಲಿ 1,00,000 ಕೂಲಿಯಾಗಿ ಹೋದರೆ, ಉಳಿದ 1,30,000 ತೋಟದವರ ಆದಾಯ. ಎರಡೂ ಮೌಲ್ಯವರ್ಧನೆಯ ಒಳಗೇ ಇವೆ. ಉತ್ಪನ್ನದ ಕಡೆಯಿಂದ ಎಣಿಸಿದರೂ ಆದಾಯದ ಕಡೆಯಿಂದ ಎಣಿಸಿದರೂ ಒಂದೇ ಮೊತ್ತ ಬರಬೇಕು ಎಂದು ಪುಸ್ತಕ ಹೇಳುವುದರ ಅರ್ಥ ಇಷ್ಟೇ. 1931-32ನೇ ಸಾಲಿಗೆ ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಅಂದಾಜಿಸಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು ಕೃಷಿಯಂಥ ಕ್ಷೇತ್ರಗಳಿಗೆ ಉತ್ಪನ್ನದ ವಿಧಾನವನ್ನೂ ಸೇವಾವೃತ್ತಿಗಳಿಗೆ ಆದಾಯದ ವಿಧಾನವನ್ನೂ ಸೇರಿಸಿ ಬಳಸಿದ್ದು ಇದೇ ತರ್ಕದ ಬಲದಿಂದ. 1949ರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲೂ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳ್ ಅವರೊಂದಿಗೆ ರಾವ್ ಸದಸ್ಯರಾಗಿದ್ದರು.

ಈಗ ಮರುವರ್ಷಕ್ಕೆ ಬನ್ನಿ. ಮಳೆ ಬಿಡದೆ ಸುರಿದು ಕೊಳೆರೋಗ ಹೆಚ್ಚಿ ಒಂಬತ್ತೇ ಕ್ವಿಂಟಾಲ್ ಬಂತು, ಆದರೆ ಬೆಲೆ 40,000ಕ್ಕೆ ಏರಿತು. ಮಾರಾಟದ ಮೊತ್ತ 3,60,000, ಅಂದರೆ ಶೇ. 20ರ ಏರಿಕೆ. ಇದು ಚಾಲ್ತಿ ಬೆಲೆಯ ಲೆಕ್ಕ. ಹಿಂದಿನ ವರ್ಷದ 30,000ವನ್ನೇ ಹಿಡಿದು ಒಂಬತ್ತರಿಂದ ಗುಣಿಸಿದರೆ 2,70,000. ಇದು ಸ್ಥಿರ ಬೆಲೆಯ ಲೆಕ್ಕ, ಇದರಲ್ಲಿ ಶೇ. 10ರ ಇಳಿಕೆ ಇದೆ. ಪತ್ರಿಕೆಯ ತಲೆಬರಹದಲ್ಲಿ ಬರುವ ಬೆಳವಣಿಗೆಯ ದರ ಸಾಮಾನ್ಯವಾಗಿ ಸ್ಥಿರ ಬೆಲೆಯದ್ದು. ರೂಪಾಯಿಗಳಲ್ಲಿ ಹೇಳುವ ದೇಶದ ಅರ್ಥವ್ಯವಸ್ಥೆಯ ಗಾತ್ರ ಬಹುಪಾಲು ಚಾಲ್ತಿ ಬೆಲೆಯದ್ದು. ಒಂದೇ ವರದಿಯಲ್ಲಿ ಎರಡೂ ಬೆರೆತು ಬರುವುದರಿಂದ, ಯಾವ ಸಂಖ್ಯೆಯನ್ನು ಓದಿದರೂ ಮೊದಲು ಅದು ಯಾವ ಬೆಲೆಯಲ್ಲಿದೆ ಎಂದು ನೋಡಿಕೊಳ್ಳಿ.

ಏನು ಎಣಿಕೆಗೆ ಸೇರುತ್ತದೆ ಎಂಬಲ್ಲಿಯೂ ಒಂದು ಸೂಕ್ಷ್ಮವಿದೆ. ನಿಮ್ಮ ತೋಟದ ತೆಂಗಿನಕಾಯಿಯನ್ನು ಮಾರದೆ ಮನೆಯ ಸಾರಿಗೇ ಬಳಸಿದರೂ ಅದರ ಬೆಲೆಯನ್ನು ಅಂದಾಜಿಸಿ ಜಿಡಿಪಿಗೆ ಸೇರಿಸುತ್ತಾರೆ. ಸ್ವಂತ ಮನೆಯಲ್ಲಿ ವಾಸಿಸುವವರು ತಮಗೆ ತಾವೇ ಬಾಡಿಗೆ ಕೊಡುತ್ತಿದ್ದಾರೆ ಎಂಬಂತೆ ಅದನ್ನೂ ಸೇರಿಸುತ್ತಾರೆ. ಆದರೆ ಆ ಕಾಯಿಯನ್ನು ತುರಿದು, ಅರೆದು, ಸಾರು ಮಾಡಿ ಬಡಿಸಿದ ತಾಯಿಯ ದುಡಿಮೆಯನ್ನು ಸೇರಿಸುವುದಿಲ್ಲ. ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಗೆರೆಯೇ ಹಾಗಿದೆ. ಗೆರೆ ಎಲ್ಲೋ ಒಂದು ಕಡೆ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಇದು ಈ ಲೆಕ್ಕದ ದೊಡ್ಡ ಕೊರತೆ ಎಂಬ ನನ್ನ ಅಭಿಪ್ರಾಯ ಇಷ್ಟು ವರ್ಷ ಪಾಠ ಮಾಡಿದ ಮೇಲೂ ಬದಲಾಗಿಲ್ಲ.

ಗಲ್ಫಿನ ಹಣದ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಟ್ಟು ಈ ಪಾಠ ಮುಗಿಯುವುದಿಲ್ಲ. ದುಬೈಯಲ್ಲಿ ದುಡಿಯುವ ಮಾವ ಕಳುಹಿಸಿದ ಹಣ ಭಾರತದ ಜಿಡಿಪಿಯಲ್ಲಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಅದು, ದೇಶದ ನಿವಾಸಿಗಳ ಗಳಿಕೆಯನ್ನು ಎಣಿಸುವ ಒಟ್ಟು ರಾಷ್ಟ್ರೀಯ ಉತ್ಪನ್ನದಲ್ಲಿ ಇದೆ ಎಂದು ಮಕ್ಕಳು ಬರೆಯುತ್ತಾರೆ, ಕೆಲವು ಗೈಡುಗಳಲ್ಲೂ ಹಾಗೆಯೇ ಇದೆ. ಅದು ಸರಿಯಲ್ಲ. ಲೆಕ್ಕ ನೋಡುವುದು ಪಾಸ್‌ಪೋರ್ಟನ್ನಲ್ಲ, ವಾಸವನ್ನು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲಕ್ಕೆ ಅಲ್ಲಿ ನೆಲೆಸಿದವರು ಆ ದೇಶದ ನಿವಾಸಿಗಳೆಂದೇ ಗಣನೆ. ಅವರು ಮನೆಗೆ ಕಳುಹಿಸುವುದು ಉತ್ಪಾದನೆಗೆ ಬಂದ ಪ್ರತಿಫಲವಲ್ಲ, ವರ್ಗಾವಣೆ, ಅಂದರೆ ಪ್ರತಿಯಾಗಿ ಏನನ್ನೂ ಪಡೆಯದೆ ಕೊಟ್ಟ ಹಣ. ಅದು ಸೇರುವುದು, ಖರ್ಚಿಗೋ ಉಳಿತಾಯಕ್ಕೋ ದೇಶದವರ ಕೈಗೆ ಬರುವ ಒಟ್ಟು ಹಣವನ್ನು ಎಣಿಸುವ ರಾಷ್ಟ್ರೀಯ ವಿನಿಯೋಗಯೋಗ್ಯ ಆದಾಯ ಎಂಬ ಇನ್ನೊಂದು ಲೆಕ್ಕಕ್ಕೆ. ಕೆಲವೇ ತಿಂಗಳ ಕೆಲಸಕ್ಕೆ ಹೋಗಿ ಬಂದವರ ಸಂಬಳ ಮಾತ್ರ ರಾಷ್ಟ್ರೀಯ ಉತ್ಪನ್ನಕ್ಕೆ ಸೇರುತ್ತದೆ. ನಮ್ಮ ಊರುಗಳಲ್ಲಿ ಕಾಣುವ ಮನೆಗಳಿಗೂ ಇಲ್ಲಿನ ಉತ್ಪಾದನೆಗೂ ತಾಳೆಯಾಗದಿರುವುದಕ್ಕೆ ಒಂದು ಕಾರಣ ಇದು.

ಇನ್ನು ಬೆಲೆ. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ, ಏರುವ ವೇಗ ಇಳಿಯಿತು ಎಂದು. ದೇಶದ ಗ್ರಾಹಕ ಬೆಲೆ ಸೂಚ್ಯಂಕವನ್ನು ಆಧರಿಸಿದ ಹಣದುಬ್ಬರ 2024ರ ಅಕ್ಟೋಬರಿನಲ್ಲಿ ಶೇ. 6.21 ಇತ್ತು, 2025ರ ಅಕ್ಟೋಬರಿನಲ್ಲಿ ಶೇ. 0.25ಕ್ಕೆ ಇಳಿಯಿತು. 2023ರ ಅಕ್ಟೋಬರಿನ ಬೆಲೆಮಟ್ಟವನ್ನು 100 ಎಂದುಕೊಂಡರೆ, ಮರುವರ್ಷ ಅದು 106.21 ಆಯಿತು, ಅದರ ಮರುವರ್ಷ ಸುಮಾರು 106.48. ಏರಿದ ಆರು ರೂಪಾಯಿ ಹಿಂದಕ್ಕೆ ಬರಲಿಲ್ಲ, ಅದರ ಮೇಲೆ ಇಪ್ಪತ್ತೇಳು ಪೈಸೆ ಮಾತ್ರ ಸೇರಿತು. ಹೋಲಿಕೆ ಯಾವಾಗಲೂ ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ನಡೆಯುವುದರಿಂದ, ಹಿಂದಿನ ವರ್ಷ ಬೆಲೆ ಜಿಗಿದಿದ್ದರೆ ಈ ವರ್ಷದ ದರ ತಾನಾಗಿ ಸಣ್ಣದಾಗಿ ಕಾಣುತ್ತದೆ.

ಆದರೆ ನಿಮ್ಮ ತೆಂಗಿನೆಣ್ಣೆಯ ದೂರಿಗೆ ಇಷ್ಟೇ ಉತ್ತರ ಸಾಲದು, ನಿಮ್ಮ ದೂರಿನಲ್ಲಿ ಸತ್ಯವಿದೆ. ಮೇಲಿನ ದರಗಳು ಬಂದದ್ದು 2012ನ್ನು ಆಧಾರ ವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಿಂದ; ಅದಕ್ಕೆ ದೇಶದಾದ್ಯಂತ 1,181 ಹಳ್ಳಿಗಳಿಂದ ಮತ್ತು ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಬೆಲೆಗಳನ್ನು ಸಂಗ್ರಹಿಸುತ್ತಿದ್ದರು. ಪ್ರತಿ ವಸ್ತುವಿಗೂ, ಜನ ಅದಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಪ್ರಕಾರ ಒಂದು ತೂಕವಿತ್ತು. ಆಹಾರ ಮತ್ತು ಪಾನೀಯಗಳಿಗೆ ಒಟ್ಟು ಶೇ. 45.86. ಆ ತೂಕಗಳನ್ನು ಪಡೆದದ್ದು 2011-12ರ ಕುಟುಂಬ ವೆಚ್ಚದ ಸಮೀಕ್ಷೆಯಿಂದ. ಉತ್ತರ ಭಾರತದ ಅಡುಗೆಮನೆಯಲ್ಲಿ ತೆಂಗಿನೆಣ್ಣೆಗೆ ಸ್ಥಾನವೇ ಇಲ್ಲದಿರುವುದರಿಂದ ದೇಶದ ಸರಾಸರಿಯಲ್ಲಿ ಅದರ ತೂಕ ತೀರ ಕಡಿಮೆ, ನಮ್ಮಲ್ಲಿ ಹಾಗಲ್ಲ. ತರಕಾರಿ, ಬೇಳೆಗಳ ಬೆಲೆ ಇಳಿದು ದೇಶದ ದರ ಸೊನ್ನೆಯ ಹತ್ತಿರ ಬಂದಿದ್ದ ಅದೇ 2025ರ ಅಕ್ಟೋಬರಿನಲ್ಲಿ ಕೇರಳದ ದರ ಶೇ. 8ನ್ನು ಮೀರಿತ್ತು, ತೆಂಗಿನೆಣ್ಣೆಯ ವಿಪರೀತ ಬೆಲೆ ಅದಕ್ಕೆ ಒಂದು ಮುಖ್ಯ ಕಾರಣ. ನೀವು ದೇಶದ ದರವನ್ನು ನಿಮ್ಮ ಅಡುಗೆಮನೆಗೆ ಹೋಲಿಸಿದ್ದೀರಿ. ಹೋಲಿಸಬೇಕಾದದ್ದು ರಾಜ್ಯದ ದರಕ್ಕೆ. ಅದು ಕೂಡ ಸರಾಸರಿಯೇ, ಆದರೆ ನಿಮ್ಮ ಅನುಭವಕ್ಕೆ ಬಹಳ ಹತ್ತಿರದ್ದು. ಸಗಟು ಬೆಲೆ ಸೂಚ್ಯಂಕವನ್ನು ಇದರೊಂದಿಗೆ ಬೆರೆಸಬೇಡಿ. ಅದರಲ್ಲಿ ಬಸ್ ದರ, ಆಸ್ಪತ್ರೆಯ ಶುಲ್ಕದಂಥ ಸೇವೆಗಳು ಇಲ್ಲವೇ ಇಲ್ಲ.

ಕೊನೆಗೆ ನಿಮ್ಮ ಅಣ್ಣನ ವಿಷಯ. ನಿರುದ್ಯೋಗ ದರವೆಂದರೆ ಕೆಲಸವಿಲ್ಲದ ಎಲ್ಲರ ಪ್ರಮಾಣ ಅಲ್ಲ. ಕೆಲಸ ಮಾಡುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು, ಇವರಿಬ್ಬರೂ ಸೇರಿ ಕಾರ್ಮಿಕ ಬಲ. ಆ ಒಟ್ಟಿನಲ್ಲಿ ಎರಡನೆಯವರ ಪಾಲೇ ನಿರುದ್ಯೋಗ ದರ. ನೂರು ಮಂದಿಯಲ್ಲಿ 50 ಜನ ದುಡಿಯುತ್ತಿದ್ದು 10 ಜನ ಹುಡುಕುತ್ತಿದ್ದರೆ ದರ 60ರಲ್ಲಿ 10, ಅಂದರೆ ಶೇ. 16.7. ಹುಡುಕಿ ಬೇಸತ್ತು ಐವರು ಕೈಬಿಟ್ಟರೆ ದರ 55ರಲ್ಲಿ 5, ಅಂದರೆ ಶೇ. 9.1. ಒಬ್ಬರಿಗೂ ಕೆಲಸ ಸಿಗದೆ ದರ ಇಳಿಯಿತು. ಉದ್ಯೋಗ ವಿನಿಮಯ ಕೇಂದ್ರದ ನೋಂದಣಿಯ ಸಂಖ್ಯೆಯನ್ನು ನಿರುದ್ಯೋಗಿಗಳ ಸಂಖ್ಯೆ ಎಂದು ಬರೆಯುವವರೂ ಇದ್ದಾರೆ; ಅಲ್ಲಿ ಓದುತ್ತಿರುವವರೂ, ಈಗಾಗಲೇ ಬೇರೆ ಕೆಲಸದಲ್ಲಿರುವವರೂ ಹೆಸರು ಕೊಟ್ಟಿರುತ್ತಾರೆ.

ಭಾರತದಲ್ಲಿ ಈ ದರ ಬರುವುದು 2017ರ ಏಪ್ರಿಲಿನಲ್ಲಿ ಆರಂಭವಾದ ಪಿಎಲ್‌ಎಫ್‌ಎಸ್ (ಆವರ್ತಕ ಕಾರ್ಮಿಕ ಬಲ ಸಮೀಕ್ಷೆ) ಎಂಬ ಸಮೀಕ್ಷೆಯಿಂದ. ಅದರ ವಾರ್ಷಿಕ ವರದಿಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ‘ಸಾಮಾನ್ಯ ಸ್ಥಿತಿ’ಯ ದರಕ್ಕೆ ಹಿಂದಿನ 365 ದಿನಗಳನ್ನು ನೋಡುತ್ತಾರೆ. ವರ್ಷದ ಹೆಚ್ಚಿನ ಭಾಗ ಕೆಲಸ ಹುಡುಕುತ್ತಿದ್ದವರು ಕೂಡ, ಉಳಿದ ಸಮಯದಲ್ಲಿ 30 ದಿನಗಳಷ್ಟು ಅಥವಾ ಅದಕ್ಕಿಂತ ಹೆಚ್ಚು ಯಾವುದಾದರೂ ದುಡಿಮೆಯಲ್ಲಿದ್ದರೆ, ಉದ್ಯೋಗಿಗಳೆಂದೇ ಗಣನೆಗೆ ಬರುತ್ತಾರೆ. ಮನೆಯ ತೋಟದಲ್ಲಿ ಸಂಬಳವಿಲ್ಲದೆ ನೆರವಾಗುವುದೂ ದುಡಿಮೆಯೇ. ವಾರದ ಲೆಕ್ಕದಲ್ಲಂತೂ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೆ ಸಾಕು. ಆದ್ದರಿಂದ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿದ್ದ ನಿಮ್ಮ ಅಣ್ಣನನ್ನು ಸಮೀಕ್ಷೆ ಉದ್ಯೋಗಿ ಎಂದೇ ಬರೆದುಕೊಳ್ಳುವ ಸಂಭವ ಹೆಚ್ಚು. ವ್ಯಾಖ್ಯೆಯ ಪ್ರಕಾರ ಅದು ತಪ್ಪಲ್ಲ, ಆದರೆ ಬಿ.ಕಾಂ. ಓದಿದವರಿಗೆ ತಕ್ಕ ಕೆಲಸ ಸಿಕ್ಕಿದೆಯೇ ಎಂಬ ನಿಮ್ಮ ಪ್ರಶ್ನೆಯನ್ನು ಆ ದರ ಕೇಳುವುದೇ ಇಲ್ಲ. ಅದಕ್ಕೆ ಹತ್ತಿರದ ಸುಳಿವು ಬೇಕಾದರೆ ವಯಸ್ಸಿನ ಕೋಷ್ಟಕ ನೋಡಿ. 2023-24ರಲ್ಲಿ 15 ವರ್ಷ ಮೇಲ್ಪಟ್ಟವರ ದರ ದೇಶದಲ್ಲಿ ಶೇ. 3.2, ಕೇರಳದಲ್ಲಿ ಶೇ. 7.2; ಕೇರಳದ 15ರಿಂದ 29ರ ವಯಸ್ಸಿನವರಲ್ಲಿ ಅದು ಹೆಚ್ಚುಕಡಿಮೆ ಶೇ. 30.

ನಿಮ್ಮ ಅಣ್ಣ ಕಳೆದ ವರ್ಷ ಎಷ್ಟು ತಿಂಗಳು ತೋಟದಲ್ಲಿದ್ದರು, ಎಷ್ಟು ತಿಂಗಳು ಕೇವಲ ಪರೀಕ್ಷೆಗೆ ಓದಿದರು, ಆ ಸಮಯದಲ್ಲಿ ಕೆಲಸ ಸಿಕ್ಕಿದ್ದರೆ ಸೇರುತ್ತಿದ್ದರೇ ಎಂಬುದನ್ನು ಬರೆದು ತಿಳಿಸಿ. ಯಾವ ಲೆಕ್ಕದಲ್ಲಿ ಅವರು ಯಾವ ಸಾಲಿಗೆ ಸೇರುತ್ತಾರೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.