ಬಟನ್ ಸಾಲು ಎಲ್ಲೋಯ್ತು ಸಾ?

ಪ್ರಶ್ನೆ: ಸಾ, ಮಂಡ್ಯ ಬಸ್‌ಸ್ಟ್ಯಾಂಡ್ ಹತ್ರ ನಮ್ದೊಂದು ಜೆರಾಕ್ಸ್ ಅಂಗಡಿ, ಪಹಣಿ ತೆಗೆಯೋದು, ಜಾತಿ-ಆದಾಯಕ್ಕೆ ಅರ್ಜಿ ಹಾಕೋದು, ಬಾಡಿಗೆ ಕರಾರು ಟೈಪ್ ಮಾಡೋದು ಎಲ್ಲಾ ನಡೀತದೆ. ಹಳೇ ಕಂಪ್ಯೂಟರ್‌ನಲ್ಲಿ ಕೆಳಗಿನ ಪಟ್ಟೀಲೇ ಒಂದು ಸಾಲು ಮಾಡ್ಕಂಡಿದ್ದೆ, ಕನ್ನಡ ಟೈಪ್ ಮಾಡೋ ನುಡಿ, ಸ್ಕ್ಯಾನರ್, ಪೇಂಟ್, ಸರ್ಕಾರಿ ವೆಬ್‌ಸೈಟ್‌ಗಳು ಎಲ್ಲಾ ಅಲ್ಲೇ ಸಿಗೋವು. ಹೊಸಾದು ತಗಂಡೆ, ವಿಂಡೋಸ್ 11 ಐತೆ, ಆ ಸಾಲು ಮಾಡೋ ದಾರೀನೇ ಕಾಣ್ತಿಲ್ಲ. ಡೆಸ್ಕ್‌ಟಾಪ್ ಪೂರ್ತಿ ಐಕಾನ್ ತುಂಬ್ಕಂಡವೆ, ಜನ ಎದುರಿಗೆ ನಿಂತವ್ರೆ, ನಾನು ಹುಡುಕ್ತಾ ಕೂತಿರ್ತೀನಿ. ಏನಾರ ದಾರಿ ಹೇಳಿ.

ಉತ್ತರ: ಇನ್ನು ಹುಡುಕ್ಬೇಡಿ, ಅದು ನಿಮ್ಮ ಕಣ್ಣಿಗೆ ಬೀಳ್ತಿಲ್ಲ ಅಂತಲ್ಲ, ಇಲ್ಲವೇ ಇಲ್ಲ. ಕೆಳಗಿನ ಟಾಸ್ಕ್‌ಬಾರ್ ವಿಂಡೋಸ್ 95ರಿಂದ ಇದೆ, ಕ್ವಿಕ್ ಲಾಂಚ್ ಅನ್ನೋ ಪುಟ್ಟ ಬಟನ್ ಸಾಲು 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಬಂತು, ವಿಂಡೋಸ್ 7ರಲ್ಲಿ ಅದನ್ನ ಒಳಗೆ ತಳ್ಳಿದ್ರೂ ರೈಟ್ ಕ್ಲಿಕ್ ಮಾಡಿ ಟೂಲ್‌ಬಾರ್ಸ್‌ಗೆ ಹೋದ್ರೆ ವಾಪಸ್ ತರಬಹುದಿತ್ತು, 10ರ ತನಕ ನಾವೆಲ್ಲ ಹಂಗೇ ಕಾಲ ತಳ್ಳಿದ್ವಿ. 2021ರಲ್ಲಿ 11 ಬಂತಲ್ಲ, ಆಗ ಆ ಟೂಲ್‌ಬಾರ್ಸ್ ಅನ್ನೋದನ್ನೇ ಕಿತ್ತಾಕಿದ್ರು. ಚೆನ್ನಾಗಿ ಓಡ್ತಿದ್ದಿದ್ದನ್ನ ಯಾಕೆ ತೆಗೆದ್ರೋ, ನನಗಂತೂ ಈಗ್ಲೂ ಸಿಟ್ಟಿದೆ.

ದಾರಿ ಇದೆ. ಡಿ ಡ್ರೈವ್‌ನಲ್ಲಿ 'ಅಂಗಡಿ' ಅಂತ ಒಂದು ಫೋಲ್ಡರ್ ಮಾಡಿ, ಬೇಕಾದ ಶಾರ್ಟ್‌ಕಟ್‌ಗಳನ್ನೆಲ್ಲ (ಅಂದ್ರೆ ಪ್ರೋಗ್ರಾಮ್ ತೆಗೆಯೋ ಐಕಾನ್‌ಗಳನ್ನ) ಅದ್ರೊಳಗೆ ಹಾಕಿ. ವೆಬ್‌ಸೈಟ್ ಆದ್ರೆ ಬ್ರೌಸರ್‌ನಲ್ಲಿ ತೆಗೆದು, ವಿಳಾಸದ ಪಕ್ಕದಲ್ಲಿರೋ ಪುಟ್ಟ ಗುರುತನ್ನ ಮೌಸಲ್ಲಿ ಹಿಡಿದು ಫೋಲ್ಡರ್‌ಗೆ ಎಳೀರಿ, ಶಾರ್ಟ್‌ಕಟ್ ತಾನಾಗೇ ಆಗುತ್ತೆ. ಹೆಸರಿನ ಮುಂದೆ 01, 02 ಅಂತ ನಂಬರ್ ಹಾಕಿ, ಆಗ ಸಾಲು ಕಲಸಿಹೋಗಲ್ಲ. ಈಗ ಆ ಫೋಲ್ಡರ್‌ನೇ ಟಾಸ್ಕ್‌ಬಾರ್‌ಗೆ ಎಳೆದು ಹಾಕೋಣ ಅಂದ್ರೆ ಅದು ಬೇರೆ ಬಟನ್ ಆಗಿ ನಿಲ್ಲಲ್ಲ. ಅದಕ್ಕೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆಸ್ ಪಾತ್' ಒತ್ತಿ, ಡೆಸ್ಕ್‌ಟಾಪ್ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ನ್ಯೂ, ಶಾರ್ಟ್‌ಕಟ್ ಅಂತ ಹೋಗಿ, ಅಲ್ಲಿ explorer ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಒಂದು ಸ್ಪೇಸ್ ಬಿಟ್ಟು ಆ ಪಾತ್, ಅಂದ್ರೆ ಫೋಲ್ಡರ್ ವಿಳಾಸ, ಪೇಸ್ಟ್ ಮಾಡಿ. ಆಮೇಲೆ ಪ್ರಾಪರ್ಟೀಸ್‌ಗೆ ಹೋಗಿ ಐಕಾನ್ ಬದಲಾಯಿಸ್ಕೊಳ್ಳಿ, ಇದನ್ನ ಪಿನ್ ಮಾಡೋಕೆ (ಅಂದ್ರೆ ಟಾಸ್ಕ್‌ಬಾರ್‌ನಲ್ಲಿ ಕೂರಿಸೋಕೆ) ಮುಂಚೇನೇ ಮಾಡಿ. ಕೊನೇಗೆ ರೈಟ್ ಕ್ಲಿಕ್, ಶೋ ಮೋರ್ ಆಪ್ಶನ್ಸ್, ಪಿನ್ ಟು ಟಾಸ್ಕ್‌ಬಾರ್. ಹಳೇ ಸಾಲಿಗಿಂತ ಒಂದು ಒತ್ತು ಜಾಸ್ತಿ ಆಗುತ್ತೆ, ಅದಕ್ಕೇನೂ ಮಾಡೋಕಾಗಲ್ಲ.

ಆದ್ರೆ ದಿನಕ್ಕೆ ಐವತ್ತು ಸಲ ಬೇಕಾಗೋ ನಾಕೈದು ಇರ್ತವಲ್ಲ, ನುಡಿ, ಸ್ಕ್ಯಾನರ್ ಥರದ್ದು, ಅವನ್ನ ನೇರ ಟಾಸ್ಕ್‌ಬಾರ್‌ಗೇ ಪಿನ್ ಮಾಡಿ. ಎಡದಿಂದ ಮೊದಲನೇದು ವಿಂಡೋಸ್ ಕೀ ಹಿಡಿದು 1 ಒತ್ತಿದ್ರೆ ಬರುತ್ತೆ, ಎರಡನೇದು 2, ಹಿಂಗೇ 9ರ ತನಕ (ಸ್ಟಾರ್ಟ್ ಬಟನ್, ಸರ್ಚ್ ಲೆಕ್ಕಕ್ಕಿಲ್ಲ, ಫೈಲ್ ಎಕ್ಸ್‌ಪ್ಲೋರರ್ ಪಿನ್ ಆಗಿದ್ರೆ ಅದು ಲೆಕ್ಕಕ್ಕಿದೆ). ಒಂದ್ಸಲ ಜಾಗ ಗೊತ್ತು ಮಾಡಿದ್ಮೇಲೆ ಮತ್ತೆ ಅಲ್ಲಾಡಿಸ್ಬೇಡಿ. ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಹೂ ಕಟ್ಟೋರನ್ನ ನೋಡಿದ್ದೀರಲ್ಲ, ಗಿರಾಕಿ ಜೊತೆ ಚೌಕಾಸಿ ನಡೀತಿರುತ್ತೆ, ಕೈ ಪಾಡಿಗೆ ಕೈ ದಾರ ಹುಡುಕ್ಕೊಳುತ್ತೆ, ದಾರದ ಉಂಡೆ ದಿನಾ ಒಂದೊಂದು ಕಡೆ ಇಟ್ರೆ ಅದು ಆಗುತ್ತಾ? ಮತ್ತೆ ಹಳೇ ಟಾಸ್ಕ್‌ಬಾರ್ ವಾಪಸ್ ತಂದುಕೊಡ್ತೀವಿ ಅನ್ನೋ ಬೇರೆ ಸಾಫ್ಟ್‌ವೇರ್‌ಗಳೂ ಸಿಗ್ತವೆ, ಮನೇಲಾದ್ರೆ ಹಾಕ್ಕೊಳ್ಳಿ ಅಂತಿದ್ದೆ, ಊರೋರ ಆಧಾರ್ ಕಾಪಿ ಎಲ್ಲಾ ಇರೋ ಅಂಗಡಿ ಮೆಷಿನ್‌ಗೆ ಬೇಡ ಕಣ್ರೀ.

ಪ್ರಶ್ನೆ: ನಾನು ಮೈಸೂರಿನ ಸರಸ್ವತಿಪುರಂನ ನಿವೃತ್ತ ಮೇಷ್ಟ್ರು. ವಿಂಡೋಸ್ 10 ಮುಗೀತು ಅಂತ ಮೊಮ್ಮಗ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಕೆಳಗಿನ ಪಟ್ಟಿ ಮಾಯವಾಗಿದೆ, ಮೌಸ್ ತಗೊಂಡು ಹೋದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ. ಅದರಲ್ಲಿ ನನಗೆ ಬೇಕಾದ ಪ್ರೋಗ್ರಾಮ್‌ಗಳನ್ನ ಕೂರಿಸೋದು ಹೇಗೆ?

ಉತ್ತರ: ಮಾಯ ಆಗಿಲ್ಲ ಸಾರ್, ಅವಿತ್ಕೊಳ್ತಿದೆ ಅಷ್ಟೇ. ಮೌಸ್ ಕೆಳಗೆ ತಗೊಂಡ್ಹೋಗಿ ಪಟ್ಟಿ ಬಂದ ತಕ್ಷಣ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಪ್ಯಾನಲ್ (ಮಿಂಟ್‌ನಲ್ಲಿ ಆ ಪಟ್ಟಿಯ ಹೆಸರೇ ಅದು) ಸೆಟ್ಟಿಂಗ್ಸ್‌ನಲ್ಲಿ ಆಟೋ ಹೈಡ್ ಅಂತಿರೋದನ್ನ 'ಆಲ್ವೇಸ್ ಶೋ' ಮಾಡಿ. ಬಟನ್ ಕೂರಿಸೋದು ವಿಂಡೋಸ್‌ಗಿಂತ ಸಲೀಸು, ಮೆನು ತೆಗೆದು ಬೇಕಾದ ಪ್ರೋಗ್ರಾಮ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಡ್ ಟು ಪ್ಯಾನಲ್' ಅನ್ನಿ, ಮುಗೀತು. ವಿಂಡೋಸ್ 11ರಲ್ಲಿ ಇಲ್ಲದ ಸುಖ ಇಲ್ಲಿ ಇನ್ನೊಂದಿದೆ, ಅದೇ ರೈಟ್ ಕ್ಲಿಕ್‌ನಲ್ಲಿ ಹೊಸ ಪ್ಯಾನಲ್ ಸೇರಿಸೋ ಆಯ್ಕೆ ಇದೆ, ಅದನ್ನ ಒತ್ತಿ ಪರದೆಯ ಎಡಗಡೆ ಅಂಚು ಆರಿಸ್ಕೊಂಡ್ರೆ ಅಲ್ಲೇ ಉದ್ದಕ್ಕೆ ಎರಡನೇ ಪಟ್ಟಿ ನಿಲ್ಲುತ್ತೆ, ಕಣ್ಣಿಗೆ ತ್ರಾಸ ಇದ್ರೆ ಅದರ ಐಕಾನ್ ದೊಡ್ಡದು ಮಾಡ್ಕೊಳ್ಳಿ. ಬಟನ್‌ಗಳನ್ನ ಆ ಕಡೆ ಈ ಕಡೆ ಸರಿಸೋಕೆ 'ಪ್ಯಾನಲ್ ಎಡಿಟ್ ಮೋಡ್' ಆನ್ ಮಾಡ್ಬೇಕಾಗಬಹುದು, ಕೆಲ್ಸ ಆದ್ಮೇಲೆ ಮರೀದೆ ಆಫ್ ಮಾಡಿ, ಇಲ್ದಿದ್ರೆ ಮೌಸ್ ತಗುಲಿ ಎಲ್ಲಾ ಚೆಲ್ಲಾಪಿಲ್ಲಿ. ಅಷ್ಟೂ ಕೆಟ್ಟೋಯ್ತು ಅಂದ್ರೆ ಟ್ರಬಲ್‌ಶೂಟ್ ಒಳಗೆ ಮೊದಲಿನ ಸ್ಥಿತಿಗೆ ತರೋ ಆಯ್ಕೆ ಇದೆ, ಆಗ ನೀವು ಜೋಡಿಸಿದ್ದೂ ಹೋಗುತ್ತೆ, ಮೊಮ್ಮಗ ಬರೋ ತನಕ ಕಾಯೋದೇ ವಾಸಿ.

ಪ್ರಶ್ನೆ: ಡೆಸ್ಕ್‌ಟಾಪ್ ಐಕಾನ್ ಅಳಿಸಿದ್ರೆ ಪ್ರೋಗ್ರಾಮೂ ಹೋಗುತ್ತಾ? (ಮದ್ದೂರಿನ ಕಾಲೇಜು ಹುಡುಗಿ)

ಉತ್ತರ: ಐಕಾನ್ ಮೂಲೇಲಿ ಪುಟ್ಟ ಬಾಣದ ಗುರುತು ಇದ್ರೆ ಅದು ಬರೀ ಬೋರ್ಡು ಕಣಮ್ಮ, ಬೋರ್ಡ್ ಕಿತ್ರೆ ಅಂಗಡಿ ಎಲ್ಲೂ ಹೋಗಲ್ಲ, ಧೈರ್ಯವಾಗಿ ಅಳಿಸು. ಬಾಣ ಇಲ್ಲದ ವರ್ಡ್ ಫೈಲು, ಫೋಟೊ ಎಲ್ಲ ನಿಜವಾದ ಸಾಮಾನು, ಡೆಸ್ಕ್‌ಟಾಪ್ ಅನ್ನೋದೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರೋ ಒಂದು ಫೋಲ್ಡರ್‌ರೇ. ಹಿಂದೊಂದ್ಸಲ ರಿಪೇರಿ ಅಂಗಡಿಯವನೊಬ್ಬ 'ಡಿ ಡ್ರೈವ್ ಮುಟ್ಟಲ್ಲ ಸಾರ್, ಸಿ ಮಾತ್ರ ಫಾರ್ಮ್ಯಾಟ್ ಮಾಡ್ತೀನಿ' ಅಂದ, ನಾನೂ ಹೂಂ ಅಂದೆ, ಡೆಸ್ಕ್‌ಟಾಪ್‌ನಲ್ಲಿದ್ದ ಮೂರು ತಿಂಗಳ ಬರಹ ಅಷ್ಟೂ ಹೋಯ್ತು. ನಿನ್ನ ಪ್ರಾಜೆಕ್ಟ್ ಫೈಲ್ ಡೆಸ್ಕ್‌ಟಾಪ್‌ನಲ್ಲೇ ಇದ್ರೆ ಇವತ್ತೇ ಡಿ ಡ್ರೈವ್‌ಗೆ ಹಾಕಿ ಪೆನ್‌ಡ್ರೈವ್‌ಗೂ ಒಂದು ಕಾಪಿ ಮಾಡ್ಕೊ, ಡೆಸ್ಕ್‌ಟಾಪ್‌ನಲ್ಲಿ ಅದರ ಶಾರ್ಟ್‌ಕಟ್ ಮಾತ್ರ ಇರಲಿ.